ಆಪಾಗೆ ದನಿ ಕೊಡಲು ಹೋದೆ

"ಅಕ್ಕ, ಚೆನ್ನಾಗಿದೆ. ಆದ್ರೆ ತುಂಬಾ ಬಸವನಗುಡಿ ಆಯ್ತು," ಎಂದಳು ನಿರ್ದೇಶಕಿ ಗಾಜಿನ ಆಚೆಯಿಂದ. "ಸ್ವಲ್ಪ ಆ ಟಚ್ ಕೊಡಿ. ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಡಬ್ಬಿಂಗ್ ಮಾಡುವ ಯಾವ ಮುಸ್ಲಿಂ ಹೆಂಗಸಿಗೂ ಆ 'ಟಚ್' ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಧಾರಾವಾಹಿಯಲ್ಲಿ ಬುರ್ಖಾ ಹಾಕಿಕೊಂಡ ಪಾತ್ರವೊಂದು ಬಂದರೆ ಅವಳ ಕನ್ನಡ ಮುರಿದಿರಲೇಬೇಕು. 'ನಂದು ಮಗ ಬರ್ತದೆ', 'ನಿಮ್ದುಕೆ ಏನು ಬೇಕು', ನಡುವೆ ಉಪ್ಪಿನಕಾಯಿಯ ಹಾಗೆ ಒಂದು 'ಅರೆ ಅಲ್ಲಾ'. ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆ, ಕಾಲೇಜು ಬಸವನಗುಡಿ. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು, ಬಾಗಿಲು ದಾಟಿದರೆ ಕನ್ನಡ. ಎರಡನ್ನೂ ನಾನು ಮುರಿಯದೆ ಮಾತಾಡುತ್ತೇನೆ. ನನ್ನ ಅಮ್ಮ, ನನ್ನ ಚಿಕ್ಕಮ್ಮಂದಿರು, ನಮ್ಮ ರಸ್ತೆಯ ಹೂವಿನ ಅಂಗಡಿಯ ಬೀಬಿ, ಯಾರ ಬಾಯಲ್ಲೂ ಈ ಭಾಷೆ ನಾನು ಕೇಳಿಲ್ಲ. ಇದು ಸ್ಟುಡಿಯೋದಲ್ಲಿ ಹುಟ್ಟಿ ಸ್ಟುಡಿಯೋದಲ್ಲೇ ಬೆಳೆದ ಕನ್ನಡ.

"ಆ ಟಚ್ ನನ್ನ ಹತ್ರ ಇಲ್ಲ ಮೇಡಂ," ಎಂದೆ.

"ಪೂರ್ತಿ ಬೇಡ ಅಕ್ಕ, ಅರ್ಧ ಕೊಡಿ."

ಅರ್ಧವಂತೆ. ತರಕಾರಿ ತೂಗುತ್ತಿದ್ದೇವಾ ಇಲ್ಲಿ ಎಂದು ಕೇಳಬೇಕೆನಿಸಿತು. ಮೈಕಿನ ಮುಂದೆ ಇದ್ದ ನೀರು ಕುಡಿದೆ.

ಕೆಲಸ ಇಷ್ಟು. ನಗರದ ಹೆಂಗಸರ ಬಗ್ಗೆ ಒಂದು ಸಾಕ್ಷ್ಯಚಿತ್ರ ಸರಣಿ, ಅದರಲ್ಲಿ ಒಂದು ಕಂತು ಮುಸ್ಲಿಂ ಹೆಂಗಸರದು. ನಂಬಿಕೆ ಎಂದರೇನು, ನೀವು ಯಾರು, ಸ್ವಾತಂತ್ರ್ಯ ಎಂದರೇನು, ಇವೇ ಪ್ರಶ್ನೆಗಳು. ಮಾತಾಡಿದವರೆಲ್ಲ ಉರ್ದುವಿನಲ್ಲಿ ಮಾತಾಡಿದ್ದರು. ಟೀವಿಯಲ್ಲಿ ಹೋಗಬೇಕಾದ್ದು ಕನ್ನಡದಲ್ಲಿ. ನನ್ನ ಪಾಲಿಗೆ ಬಂದವರು ಚಾಮರಾಜಪೇಟೆಯ ಒಬ್ಬ ಹೆಂಗಸು. ಮನೆಯಲ್ಲೇ ಹುಡುಗಿಯರಿಗೆ ಕುರಾನ್ ಓದುವುದನ್ನು ಕಲಿಸುತ್ತಾರೆ. ಇಡೀ ಬೀದಿ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತದೆ. ನನ್ನ ತಂಗಿಯ ಮಗಳು ಓದಿದ್ದೂ ಅವರ ಹತ್ತಿರವೇ. ಹಾಗಾಗಿ ಪರದೆಯ ಮೇಲೆ ಆ ಮುಖ ಬಂದಾಗ ನನಗೆ ಗುರುತು ಹತ್ತಿತು.

ಸಾಕ್ಷ್ಯಚಿತ್ರಕ್ಕೆ ದನಿ ಕೊಡುವುದು ಧಾರಾವಾಹಿಯಂತಲ್ಲ. ತುಟಿಗೆ ತುಟಿ ಕೂಡಿಸಬೇಕಾಗಿಲ್ಲ. ಮೊದಲು ಮೂಲ ದನಿ ಪೂರ್ತಿ ಕೇಳಿಸುತ್ತದೆ, ಆಮೇಲೆ ಅದನ್ನು ತಗ್ಗಿಸುತ್ತಾರೆ, ಅದರ ಮೇಲೆ ನಮ್ಮ ಕನ್ನಡ ಹತ್ತುತ್ತದೆ. ನಾವು ಸ್ವಲ್ಪ ಮುಂಚೆ ಮುಗಿಸಬೇಕು, ಕೊನೆಯ ಮಾತಿನ ಬಾಲದಲ್ಲಿ ಮೂಲ ದನಿ ಮತ್ತೆ ಮೇಲೆದ್ದು ಬರುತ್ತದೆ. ತುಟಿಯ ಲೆಕ್ಕ ಬಿಟ್ಟರೂ ಉಸಿರಿನ ಲೆಕ್ಕ ಬಿಡುವ ಹಾಗಿಲ್ಲ. ಅವರು ಎಲ್ಲಿ ನಿಂತರೋ ಅಲ್ಲಿ ನಾವು ನಿಲ್ಲಬೇಕು, ಕೈ ಎತ್ತಿದ ಹೊತ್ತಿಗೆ ನಮ್ಮ ಮಾತೂ ಏರಬೇಕು. ಅದಕ್ಕೇ ಎಡಗಿವಿಯಲ್ಲಿ ಅವರ ದನಿ, ಬಲಗಿವಿಯಲ್ಲಿ ನನ್ನ ದನಿ ಹಾಕಿಕೊಡಿ ಎಂದು ಎಂಜಿನಿಯರಿಗೆ ಹೇಳುತ್ತೇನೆ. ಈ ಶೇಷಾದ್ರಿಪುರದ ಸ್ಟುಡಿಯೋದ ಎಂಜಿನಿಯರ್ ಹಳಬರು, ಮಾತು ಕಮ್ಮಿ, ಕೇಳಿದ್ದನ್ನು ಮಾಡಿಕೊಡುತ್ತಾರೆ.

ಆವತ್ತು ಎಡಗಿವಿ ಒಂದು ಹೇಳಿತು, ಕೈಯಲ್ಲಿದ್ದ ಹಾಳೆ ಇನ್ನೊಂದು.

ಆಪಾ ಉರ್ದುವಿನಲ್ಲಿ ಹೇಳುತ್ತಿದ್ದರು: ಗಂಡ ಸರಿಯಿರಲಿಲ್ಲ, ಬಿಟ್ಟೆ. ಹೆಂಡತಿ ತಾನಾಗಿ ಕೇಳಿ ಪಡೆಯುವ ಬಿಡುಗಡೆ ನಮ್ಮಲ್ಲಿದೆ, ಖುಲಾ ಅಂತಾರೆ. ಆ ಬಾಗಿಲು ಅಲ್ಲಾಹ್ ಇಟ್ಟಿದ್ದು. ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತವರು ಗಂಡಸರು. ಮುಂದಿನ ಶುಕ್ರವಾರ ಬಾ, ಮುಂದಿನ ಶುಕ್ರವಾರ ಬಾ ಅಂತ ಅಲೆಸಿದರು. ನಾನು ನಮಾಜು ಬಿಡಲಿಲ್ಲ, ಕೇಳೋದನ್ನೂ ಬಿಡಲಿಲ್ಲ. ಸಿಕ್ಕಿತು.

ಹಾಳೆಯಲ್ಲಿ ಇದ್ದದ್ದು: 'ಧರ್ಮದ ಸಂಕೋಲೆಯನ್ನು ಕಡಿದುಕೊಂಡು ಹೊರಬಂದೆ. ಇಂದು ನಾನು ಸ್ವತಂತ್ರ ಹಕ್ಕಿ.'

ಹಕ್ಕಿ ಅಂತೆ, ಹಕ್ಕಿ! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೆಡ್‌ಫೋನ್ ತೆಗೆದು ಹೊರಗೆ ಬಂದೆ.

"ಮೇಡಂ, ಅವರು ಹೇಳಿದ್ದು ಇದಲ್ಲ."

ನಿರ್ದೇಶಕಿ ಮಲ್ಲೇಶ್ವರದ ಹುಡುಗಿ, ಮೂವತ್ತರ ಆಸುಪಾಸು. ಕೆಟ್ಟವಳಲ್ಲ, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಬೈದು ಮನೆಗೆ ಹೋಗುತ್ತಿದ್ದೆ. "ಭಾವ ಅದೇ ಅಲ್ವಾ ಅಕ್ಕ? ಅಂಥ ಮದುವೆಯಿಂದ ಆಚೆ ಬಂದ್ರು. ಎಷ್ಟು ಧೈರ್ಯ! ನಾನು ಶೂಟಿಂಗಲ್ಲಿ ಅತ್ತುಬಿಟ್ಟೆ, ಗೊತ್ತಾ?"

"ನೀವು ಅತ್ತಿದ್ದು ಸರಿ. ಅವರು ಗಂಡನ್ನ ಬಿಟ್ರು, ಧರ್ಮಾನ ಅಲ್ಲ. ಅವರು ಹೊಟ್ಟೆಗೆ ತಿನ್ನೋದೇ ಕುರಾನ್ ಪಾಠ ಹೇಳ್ಕೊಟ್ಟು. ಈ ಸಾಲು ಅವರ ಮುಖದ ಮೇಲೆ ಹೋದ್ರೆ ಮಾರನೇ ದಿನ ಯಾವ ತಾಯಿ ಮಗಳನ್ನ ಕಳಿಸ್ತಾಳೆ, ಹೇಳಿ?"

ಆ ಹಾಳೆ ಎಲ್ಲಿಂದ ಬಂತು ಎಂದು ಕೇಳಿದೆ. ಉರ್ದುವನ್ನು ಬೇರೆ ಯಾವುದೋ ಊರಿನಲ್ಲಿ ಇಂಗ್ಲಿಷಿಗೆ ಮಾಡಿಸಿ, ಅದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದರಂತೆ. ಅಷ್ಟು ದೂರ ಸುತ್ತಿ ಬರುವಾಗ ದಾರಿಯಲ್ಲಿ ಸಂಕೋಲೆ, ಹಕ್ಕಿ ಎಲ್ಲ ಹತ್ತಿಕೊಂಡಿದ್ದವು. ಆಪಾರ ಮನೆಯಿಂದ ಈ ಸ್ಟುಡಿಯೋಗೆ ಒಂದು ಆಟೋದ ದಾರಿ, ನೋಡಿ!

"ಸರಿ ಅಕ್ಕ, ನೀವೇ ಬರೆದುಕೊಡಿ," ಎಂದಳು ಕೊನೆಗೆ. "ಆದ್ರೆ ಈ ವಾರ ಮುಗೀಲೇಬೇಕು. ಚಾನೆಲ್‌ನವರು ಕೂತಿದಾರೆ ತಲೆ ಮೇಲೆ."

ಮನೆಗೆ ಬಂದು ಬರೆಯಲು ಕೂತೆ. ಮಾತನ್ನು ತುಂಡುತುಂಡಾಗಿ ಕೇಳುವುದು, ನಿಲ್ಲಿಸುವುದು, ಬೆರಳು ಮಡಿಸುತ್ತ ಕನ್ನಡವನ್ನು ಅಷ್ಟೇ ಉದ್ದಕ್ಕೆ ಕೂರಿಸುವುದು. ಇಂಗ್ಲಿಷಿನಿಂದ ಬಂದ ಹಾಳೆಯ ವಾಕ್ಯಗಳು ಎಲ್ಲೆಲ್ಲೂ ಉಕ್ಕಿ ಹೊರಗೆ ಬರುತ್ತಿದ್ದವು. ನೇರವಾಗಿ ಬರೆದಾಗ ಸುಲಭವಾಗಿ ಕೂತವು. ದಖ್ಖನಿಯಲ್ಲೂ ಕನ್ನಡದಲ್ಲೂ ಮಾತು ತಿರುಗುವ ಜಾಗ ಹೆಚ್ಚುಕಡಿಮೆ ಒಂದೇ, ಅವರ ಕೈ ಇಳಿಯುವಾಗ ನನ್ನ ಮಾತೂ ಇಳಿಯುತ್ತಿತ್ತು.

ಅರ್ಧ ಆಗಿತ್ತು, ಫೋನು ಬಂತು. ಜಮಾತಿನ ಕಮಿಟಿಯ, ಅಂದರೆ ಆಪಾರನ್ನು ಶುಕ್ರವಾರ ಶುಕ್ರವಾರ ಅಲೆಸಿದ ಮಸೀದಿ ಕಮಿಟಿಯ, ಹಿರಿಯರೊಬ್ಬರು, ನನ್ನ ಅಪ್ಪನಿಗೆ ಪರಿಚಯದವರು. ಬೀದಿಯಲ್ಲಿ ಕ್ಯಾಮೆರಾ ಬಂದು ಹೋದ ಸುದ್ದಿ ಅವರಿಗೆ ಮುಟ್ಟಿತ್ತು, ಕನ್ನಡ ಮಾಡುತ್ತಿರುವುದು ನಾನು ಎಂಬುದೂ ಮುಟ್ಟಿತ್ತು. ನಮ್ಮ ಪೇಟೆಯಲ್ಲಿ ನೀರು ಬರುವುದು ತಡವಾಗಬಹುದು, ಸುದ್ದಿ ಆಗುವುದಿಲ್ಲ.

"ಬೇಟಿ, ಆ ಖುಲಾದ ಮಾತೊಂದು ತೆಗೆಸಿಬಿಡಮ್ಮ," ಎಂದರು ಮೆತ್ತಗೆ. "ಮನೆ ವಿಷಯ ಮನೇಲಿರಲಿ. ಕಾಲ ಹೇಗಿದೆ ಅಂತ ನಿಂಗೆ ಗೊತ್ತಲ್ಲ. ಹೊರಗಿನವರು ಕಾಯ್ತಾ ಇದ್ದಾರೆ ನಮ್ಮ ಮೇಲೆ ಬೀಳೋಕೆ."

"ಚಾಚಾ, ಅವರು ಹೇಳಿದ್ದು ಸುಳ್ಳಾ?"

"ಸುಳ್ಳು ಅಂತ ನಾನು ಹೇಳಿದ್ನಾ? ಈಗ ಬೇಡ ಅಂದೆ."

"ಮತ್ತೆ ಯಾವಾಗ?"

ಯೋಚನೆ ಮಾಡಮ್ಮ ಎಂದು ಫೋನಿಟ್ಟರು. ಕಾಲ ಕೆಟ್ಟಿದೆ ಎಂಬುದು ನನಗೆ ಗೊತ್ತಿಲ್ಲವೇ? ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಹೇಳಿದ ಕೂಡಲೇ ಓನರ ಮುಖ ಬಿಗಿಯುವುದನ್ನು ನಾನು ನೋಡಿಲ್ಲವೇ? ಹೊರಗಿನವರು ಹೊಡೆಯುತ್ತಾರೆ, ಅದಕ್ಕೇ ಒಳಗಿನವರು ಮಾಡಿದ್ದನ್ನು ನುಂಗಿಕೊ. ಈ ಲೆಕ್ಕದಲ್ಲಿ ನಮ್ಮ ಹೆಂಗಸರಿಗೆ ಬಾಯಿ ತೆರೆಯುವ ಒಳ್ಳೆಯ ಕಾಲ ಎಂದಾದರೂ ಬಂದೀತೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ಒಬ್ಬಳು ಆಪಾರ ಬಾಯಿಂದ ಧರ್ಮ ಕಿತ್ತುಹಾಕಲು ನಿಂತಿದ್ದಳು, ಇನ್ನೊಬ್ಬರು ಜಮಾತನ್ನು. ಎರಡನ್ನೂ ಕಿತ್ತರೆ ಆಪಾ ಹೇಳಿದ್ದರಲ್ಲಿ ಏನು ಉಳಿಯುತ್ತದೆ? ನನ್ನ ಹೆಸರು ಇಂಥದ್ದು, ನಮಸ್ಕಾರ.

ಆ ಸಿಟ್ಟಿನಲ್ಲೇ ಉಳಿದರ್ಧ ಬರೆದು ಮುಗಿಸಿದೆ. ಚೆನ್ನಾಗಿ ಬಂತು ಎಂದೇ ಅನಿಸಿತು. ಜಮಾತಿನ ಮುದುಕರು ನನ್ನನ್ನು ಭಿಕ್ಷುಕಿಯಂತೆ ಬಾಗಿಲಲ್ಲಿ ನಿಲ್ಲಿಸಿದರು, ಅವರಿಗೆ ನಾಚಿಕೆಯಾಗಬೇಕು, ಹೀಗೆಲ್ಲ. ಕಳಿಸಿದ ಕೂಡಲೇ ನಿರ್ದೇಶಕಿ, "ಅಕ್ಕ, ಸೂಪರ್! ಬೆಂಕಿ!" ಎಂದು ಮೆಸೇಜು ಹಾಕಿದಳು.

ಅವಳಿಗೆ ಅಷ್ಟು ಬೇಗ ಇಷ್ಟವಾದದ್ದು ನನ್ನ ಮನಸ್ಸಿಗೆ ಸರಿ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಹಾಳೆ ಹಿಡಿದುಕೊಂಡು ಆಪಾರ ಮನೆಗೆ ಹೋದೆ. ದನಿ ಕೊಡುವವರು ಹೀಗೆ ಮಾತಾಡಿದವರ ಮನೆಗೆ ಹೋಗುವ ಪದ್ಧತಿ ಇಲ್ಲ. ನಮಗೆ ಮುಖವೂ ಹಾಳೆಯೂ ಸಿಗುತ್ತವೆ, ವಿಳಾಸವಲ್ಲ.

ಒಂದೇ ಕೋಣೆ, ಹಿಂದೆ ಅಡುಗೆಮನೆ. ಚಾಪೆಯ ಮೇಲೆ ಪುಟ್ಟ ಹುಡುಗಿಯರು ಸಾಲಾಗಿ ಕೂತು ತೂಗಾಡುತ್ತ ಓದುತ್ತಿದ್ದರು. ಎಲ್ಲರೂ ಒಟ್ಟಿಗೆ ಗಲಗಲ ಎನ್ನುತ್ತಿದ್ದರೂ ಯಾರು ಎಲ್ಲಿ ತಪ್ಪಿದರು ಎಂಬುದು ಆಪಾಗೆ ತಿಳಿಯುತ್ತಿತ್ತು. ಅವರನ್ನು ಕಳಿಸಿ, ನನಗೆ ಚಹಾ ಕೊಟ್ಟು ಕೂತರು. ನಾನು ಬರೆದದ್ದನ್ನು ಉರ್ದುವಿಗೆ ತಿರುಗಿಸಿ ಹೇಳತೊಡಗಿದೆ. ಅವರು ಕೈ ಚಾಚಿದರು.

"ಇಲ್ಲಿ ಕೊಡಮ್ಮ," ಎಂದರು ಕನ್ನಡದಲ್ಲಿ.

ಕನ್ನಡಕ ಏರಿಸಿಕೊಂಡು ನನ್ನ ಹಾಳೆಯನ್ನು ಜೋರಾಗಿ, ಎಲ್ಲೂ ಎಡವದೆ ಓದಿಕೊಂಡು ಹೋದರು. ನನ್ನ ಮುಖ ನೋಡಿ ನಕ್ಕರು.

"ಯಾಕಮ್ಮ, ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಪ್ರಾರ್ಥನೆ ಹೇಳಿಸ್ತಾ ಇದ್ದಿದ್ದೇ ನಾನು."

"ಮತ್ತೆ ಕ್ಯಾಮೆರಾ ಮುಂದೆ ಉರ್ದುವಲ್ಲಿ ಯಾಕೆ ಮಾತಾಡಿದ್ರಿ ಆಪಾ?"

"ಆ ಹುಡುಗಿ ಒಳಗೆ ಬಂದವಳೇ ಹಿಂದಿಯಲ್ಲಿ ಶುರು ಮಾಡಿದ್ಲು. ಪಾಪ, ಕಷ್ಟಪಟ್ಟುಕೊಂಡು. ಅವಳಿಗೆ ಕನ್ನಡ ಬರಲ್ಲ ಅಂದ್ಕೊಂಡೆ."

ನನಗೆ ನಗುವೂ ಬಂತು, ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಬ್ಬಳು ಮಲ್ಲೇಶ್ವರದ ಕನ್ನಡತಿ, ಒಬ್ಬರು ಚಾಮರಾಜಪೇಟೆಯ ಕನ್ನಡತಿ, ಇಬ್ಬರೂ ಎದುರುಬದುರು ಕೂತು, ಒಬ್ಬಳು ಬಾರದ ಹಿಂದಿಯಲ್ಲಿ ಕೇಳಿ, ಇನ್ನೊಬ್ಬರು ಉರ್ದುವಿನಲ್ಲಿ ಹೇಳಿ, ಸ್ವಾತಂತ್ರ್ಯದ ಬಗ್ಗೆ ಮಾತಾಡಿದ್ದಾರೆ. ಬುರ್ಖಾ ಕಂಡ ಕೂಡಲೇ ನಾಲಗೆ ತಾನಾಗಿ ಹಿಂದಿಗೆ ಹೊರಳುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ ನೋಡಿದ್ದೇನೆ. ಆದರೆ ನಾನೂ ಅವರನ್ನು ಕನ್ನಡದಲ್ಲಿ ಮಾತಾಡಿಸಿರಲಿಲ್ಲವಲ್ಲ!

ಆಪಾ ಪೆನ್ಸಿಲ್ ತೆಗೆದುಕೊಂಡರು. ಭಿಕ್ಷುಕಿ ಹೊಡೆದುಹಾಕಿದರು. ನಾಚಿಕೆಯಾಗಬೇಕು ಹೊಡೆದುಹಾಕಿದರು.

"ಇದು ಯಾರ ಕೋಪ?"

"ನಿಮಗೆ ಕೋಪ ಇಲ್ವಾ ಆಪಾ?"

"ಇಲ್ಲದೆ ಇರುತ್ತಾ? ಆದ್ರೆ ನಾನು ಭಿಕ್ಷೆ ಕೇಳೋಕೆ ಹೋಗಿರಲಿಲ್ಲ. ನನ್ನದನ್ನ ನಾನು ಕೇಳೋಕೆ ಹೋಗಿದ್ದೆ. ನಿನ್ನ ಕೋಪ ನಿನ್ನ ಹತ್ರ ಇಟ್ಕೊಳಮ್ಮ, ನನ್ನ ಬಾಯಿಗೆ ಹಾಕ್ಬೇಡ. ಅವರು ಕಿತ್ತುಹಾಕ್ತಾರೆ, ನೀನು ತುರುಕ್ತೀಯ."

ಕೆನ್ನೆಗೆ ಬಾರಿಸಿದ ಹಾಗಾಯಿತು. ಅವರು ನನಗಿಂತ ಹೆಚ್ಚು ನಮಾಜಿನವರು, ನಾನು ಹಬ್ಬಕ್ಕೊಮ್ಮೆಯವಳು. ಚಾಚಾನ ಜೊತೆಗಿನ ನನ್ನ ಜಗಳ ನನ್ನದು, ಅದನ್ನು ಅವರ ಹಾಳೆಯಲ್ಲಿ ಆಡಿಬಿಟ್ಟಿದ್ದೆ. ಸ್ವಾತಂತ್ರ್ಯದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇನ್ನೂ ಸಣ್ಣದಿತ್ತು. 'ನನ್ನ ಬಾಗಿಲ ಚಿಲಕ ಈಗ ನಾನೇ ಹಾಕ್ಕೊಳ್ತೀನಿ, ನಾನೇ ತೆಗೀತೀನಿ. ಯಾರಿಗೂ ಹೇಳಬೇಕಾಗಿಲ್ಲ, ಅಲ್ಲಾಹನಿಗೆ ಬಿಟ್ಟು.' ನಾನು ಅದಕ್ಕೂ ಕುಚ್ಚು ಕಟ್ಟಿದ್ದೆ. ಅದನ್ನೂ ಕಿತ್ತರು.

ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ನಾನು ಈ ದನಿ ಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ. "ಆಪಾ, ನಿಮ್ಮ ಕನ್ನಡ ನೀವೇ ಹೇಳಿ. ಬರ್ತೀರಾ ಸ್ಟುಡಿಯೋಗೆ?"

"ಖುಲಾದ ಮಾತು ಬೇಡ ಅಂತ ಕಮಿಟಿಯವರು ನನ್ನ ಹತ್ರಾನೂ ಬಂದಿದ್ರು," ಎಂದರು. ಸರಿದಿದ್ದ ಚಾಪೆಯನ್ನು ಎಳೆದು ನೇರ ಮಾಡಿದರು. "ನಾಳೆ ಹುಡುಗೀರನ್ನ ಕಳಿಸಿದ ಮೇಲೆ ಬರ್ತೀನಿ."

ನಿರ್ದೇಶಕಿಗೆ ಫೋನು ಮಾಡಿ ಹೇಳಿದೆ. "ಕನ್ನಡ ಬರುತ್ತಾ ಅವರಿಗೆ?" ಎಂದಳು. ನಾನು ಆಗ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸ್ಟುಡಿಯೋದಲ್ಲಿ ಮೊದಲ ಗಂಟೆ ಹಾಳಾಯಿತು. ಬುರ್ಖಾದ ಬಟ್ಟೆ ನೈಲಾನಿನದು, ಕೈ ಅಲುಗಿದರೆ ಮೈಕಿನಲ್ಲಿ ಸರಸರ. ಎಂಜಿನಿಯರಿಗೆ ಹೇಗೆ ಹೇಳುವುದೆಂದು ತಿಳಿಯದೆ ನನ್ನ ಮುಖ ನೋಡಿದರು. ಆಪಾ ತಾವೇ ಅರ್ಥ ಮಾಡಿಕೊಂಡು ತೋಳನ್ನು ಪಿನ್ನು ಹಾಕಿ ಬಿಗಿದುಕೊಂಡರು. ಹಾಳೆ ತಿರುವಿದ ಸದ್ದು ಬಾರದಿರಲಿ ಎಂದು ಎಲ್ಲವನ್ನೂ ಸ್ಟ್ಯಾಂಡಿನ ಮೇಲೆ ಅಗಲವಾಗಿ ಹರಡಿದೆ. ಮೈಕಿಗೆ ಗೇಣು ದೂರ, ನೇರ ಅಲ್ಲ, ಸ್ವಲ್ಪ ಓರೆ. ಮೊದಲ ಸಲ ಪಾಠ ಒಪ್ಪಿಸುವಂತೆ ಏರುದನಿಯಲ್ಲಿ ಓದಿದರು. ಎರಡನೆಯ ಸಲ ತಮ್ಮದೇ ದನಿ ಕಿವಿಯಲ್ಲಿ ಕೇಳಿ ಬೆಚ್ಚಿ ನಿಂತರು.

"ಹಾಳೆ ನೋಡ್ಬೇಡಿ ಆಪಾ," ಎಂದೆ. "ಎದುರುಗಡೆ ನಿಮ್ಮ ಮುಖ ಇದೆಯಲ್ಲ ಪರದೆ ಮೇಲೆ, ಅದಕ್ಕೆ ಹೇಳಿ."

ಮೆತ್ತಗೆ ಬಿಸ್ಮಿಲ್ಲಾ ಎಂದು ಶುರುಮಾಡಿದರು. ನಾನು ಎಷ್ಟೋ ವರ್ಷ ಕಲಿತು ಮಾಡುವ ಕೆಲಸ, ಇನ್ನೊಬ್ಬರ ಉಸಿರಿಗೆ ನನ್ನ ಉಸಿರು ಹೊಂದಿಸುವುದು. ಅವರು ಹೊಂದಿಸಬೇಕಾದ್ದೇ ಇರಲಿಲ್ಲ. ಎಲ್ಲಿ ನಿಂತಿದ್ದರೋ ಅಲ್ಲೇ ನಿಂತರು. 'ಮುಂದಿನ ಶುಕ್ರವಾರ ಬಾ, ಮುಂದಿನ ಶುಕ್ರವಾರ ಬಾ ಅಂದ್ರು' ಎನ್ನುವಾಗ ಪರದೆಯ ಮೇಲಿನ ಕೈಯೂ ಇಲ್ಲಿನ ಕೈಯೂ ಒಟ್ಟಿಗೆ ಏರಿ ಇಳಿದವು. ಎಂಜಿನಿಯರ್ ಹೆಬ್ಬೆರಳು ಎತ್ತಿದರು.

ಆಗ ಸ್ಪೀಕರಿನಲ್ಲಿ ನಿರ್ದೇಶಕಿಯ ದನಿ ಬಂತು. "ಆಪಾ, ತುಂಬಾ ಚೆನ್ನಾಗಿತ್ತು. ಒಂದೇ ಒಂದು. ಹೇಗೆ ಹೇಳ್ಲಿ... ಕೇಳಿದ್ರೆ ಮುಸ್ಲಿಂ ಅನ್ನಿಸ್ತಿಲ್ಲ. ಜನ ನಂಬಲ್ಲ, ಯಾರೋ ಬೇರೆಯವರು ಡಬ್ ಮಾಡಿದಾರೆ ಅಂದ್ಕೊಳ್ತಾರೆ."

"ಮೇಡಂ, ಅವರದೇ ವಾಯ್ಸು," ಎಂದರು ಎಂಜಿನಿಯರ್.

ನಾನು ಆಪಾರ ಪಕ್ಕದಿಂದ ಎದ್ದು, ನಿರ್ದೇಶಕಿ ಕೂತಿದ್ದ ಕೋಣೆಗೆ ಬಾಗಿಲು ತಳ್ಳಿಕೊಂಡು ನುಗ್ಗಿದೆ. "ಅವರು ಮುಸ್ಲಿಂ ಹೌದೋ ಅಲ್ವೋ ಅಂತ ನೀವು ಸರ್ಟಿಫಿಕೇಟ್ ಕೊಡ್ತೀರಾ? ಆ ಕಡೆ ಕಮಿಟಿಯವರು ಕೊಡ್ತಾರೆ, ಈ ಕಡೆ ನೀವಾ?" ಎಂದು ಕೂಗಾಡಿದೆ. ಕೂಗಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಗಾಜಿನ ಆಚೆ ಆಪಾ ಕೈ ಎತ್ತಿ ನನ್ನನ್ನು ತಡೆದರು. ಮೈಕು ಇನ್ನೂ ತೆರೆದೇ ಇತ್ತು.

"ನೋಡಮ್ಮ," ಎಂದರು ನಿರ್ದೇಶಕಿಗೆ, ಮಗುವಿನ ತಪ್ಪು ತಿದ್ದುವ ದನಿಯಲ್ಲಿ. "ನನ್ನ ಬುರ್ಖಾ ನೋಡಿ ನಂಬ್ತೀಯ. ನನ್ನ ಮಾತು ಕೇಳಿ ನಂಬಲ್ವಾ? ಹಾಗಿದ್ರೆ ಎರಡೂ ತೆಗೆದುಬಿಡು. ನನ್ನ ಮುಖ ಹೋಗೋದಾದ್ರೆ ಈ ಮಾತಿನ ಜೊತೆ ಹೋಗ್ಲಿ. ಇಲ್ಲ ಅಂದ್ರೆ ಬೇಡ. ನಂಗೆ ಮೂರು ಗಂಟೆಗೆ ಪಾಠ ಇದೆ."

ನಿರ್ದೇಶಕಿಯ ಮುಖ ಕೆಂಪಾಯಿತು. "ಇದನ್ನೇ ಇಟ್ಕೊಳ್ಳಿ," ಎಂದಳು ಎಂಜಿನಿಯರಿಗೆ. ಆಮೇಲೆ ಆಪಾರನ್ನು ಕಳಿಸಲು ಗೇಟಿನವರೆಗೆ ಬಂದಳು, ಆಟೋ ಹಿಡಿದುಕೊಟ್ಟಳು, ಕನ್ನಡದಲ್ಲೇ ಮಾತಾಡಿದಳು. ಅಷ್ಟಕ್ಕೆ ನನ್ನ ಸಿಟ್ಟು ಇಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಕಂತು ಹಾಗೇ ಪ್ರಸಾರವಾಯಿತು. ಖುಲಾ ಇತ್ತು, ಶುಕ್ರವಾರ ಇತ್ತು, ನಮಾಜು ಇತ್ತು. ಒಂದು ವಾರ ಬಿಟ್ಟು ಆಪಾಗೆ ಫೋನು ಮಾಡಿದೆ. ಕಮಿಟಿಯವರು ಬಂದು ಮಾತಾಡಿ ಹೋಗಿದ್ದರು. ಅರ್ಧದಷ್ಟು ಹುಡುಗಿಯರು ಬರುವುದು ನಿಂತಿತ್ತು.

ಇದೇ ಆಗಬಾರದೆಂದು ತಾನೇ ನಾನು ಇಷ್ಟೆಲ್ಲ ಬಡಿದಾಡಿದ್ದು! ಆ ಹಿರಿಯರನ್ನು ಬಾಯಿಗೆ ಬಂದಂತೆ ಬೈದೆ. ಆಪಾ ಕೇಳಿಸಿಕೊಂಡರು. ಹಿಂದಿನಿಂದ ಉಳಿದ ಹುಡುಗಿಯರ ಗಲಗಲ ಕೇಳಿಸುತ್ತಿತ್ತು.

"ನನ್ನ ತಪ್ಪು ಆಪಾ. ನಾನೇ ಕರ್ಕೊಂಡು ಹೋದೆ."

"ನಿನ್ನದೇನಿದೆ? ಹೋದವರು ನಾನು ಹೇಳಿದ ಮಾತಿಗೆ ಹೋದ್ರು. ನಾನು ಹೇಳದೇ ಇದ್ದ ಮಾತಿಗೆ ಹೋಗಿದ್ರೆ ಆಗ ಕೂತು ಅಳ್ತಿದ್ದೆ."

ಆಮೇಲೆ ಫೋನನ್ನು ಬಾಯಿಯಿಂದ ದೂರ ಹಿಡಿದು ಯಾರಿಗೋ, "ಆ ಸಾಲು ತಪ್ಪು, ಮೊದಲಿಂದ ಓದು," ಎಂದರು.